ಪ್ಲಗಿನ್ ಆಮೇಲೆ, ಮೊದಲು ಒಂದು ಬಟ್ಟೆ ತನ್ನಿ

ಎಪ್ಪತ್ತರ ದಶಕದ ಫಂಕ್, ಡಿಸ್ಕೊ ಡ್ರಮ್ ಸದ್ದು ಬೇಕು ಅಂತ ನನ್ನ ಬಳಿ ರೆಕಾರ್ಡಿಂಗ್‌ಗೆ ಬರುವವರು ಮೊದಲು ಕೇಳುವುದು ‘ಯಾವ ಪ್ಲಗಿನ್ ಹಾಕ್ತೀರಿ?’ ಅಂತ. ಪ್ಲಗಿನ್ ಅಂದರೆ ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಪುಟ್ಟ ತಂತ್ರಾಂಶ. ಅಷ್ಟರಲ್ಲಿ ಡ್ರಮ್ ಮೇಲೆ ಹೊದಿಸಲು ಪಾತ್ರೆ ಒರೆಸುವ ಬಟ್ಟೆ ಎಲ್ಲಿಟ್ಟಿದ್ದೇನೆ ಎಂದು ನಾನು ಹುಡುಕುತ್ತಿರುತ್ತೇನೆ. ಆ ಸದ್ದಿನ ಮುಕ್ಕಾಲು ಪಾಲು ಮೈಕ್‌ಗೆ ಬೀಳುವ ಮೊದಲೇ ತಯಾರಾಗಿರುತ್ತದೆ.

ಆಗ 16, 24 ಟ್ರ್ಯಾಕಿನ, ಅಂದರೆ ಅಷ್ಟು ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯುವ ಟೇಪ್ ಯಂತ್ರಗಳು ಬಂದಿದ್ದವು. ಪ್ರತಿ ಡ್ರಮ್ಮಿಗೂ ಪ್ರತ್ಯೇಕ ಮೈಕ್ ಇಡಬಹುದಾಯಿತು. ಒಂದರ ಗುಂಯ್‌ಗುಡುವಿಕೆ ಇನ್ನೊಂದರ ಮೈಕ್‌ಗೆ ಸೋರಬಾರದಲ್ಲ? ಹಾಗಾಗಿ ಡ್ರಮ್ ಕಿಟ್ಟನ್ನು ಸದ್ದು ಹೀರುವ ಪುಟ್ಟ ಕೋಣೆಗೆ ತಳ್ಳಿದರು, ಟಾಮ್ ಎಂಬ ಡ್ರಮ್‌ಗಳ ಕೆಳಗಿನ ಹೆಡ್ (ಬಿಗಿದ ಹೊದಿಕೆ) ಬಿಚ್ಚಿದರು, ಕಾಲಿನಿಂದ ನುಡಿಸುವ ದೊಡ್ಡ ಡ್ರಮ್ ಆದ ಕಿಕ್ ಒಳಗೆ ದಿಂಬು ತುರುಕಿದರು. ಅನುಕೂಲಕ್ಕೆ ಮಾಡಿದ್ದೇ ಕೊನೆಗೆ ಶೈಲಿಯಾಯಿತು.

ತಳದಲ್ಲಿ ತಂತಿಗಳಿರುವ ಸ್ನೇರ್ ಡ್ರಮ್‌ನಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಡಿಸ್ಕೊಗೆ ಮೇಲಿನ ಹೆಡ್ ಸಡಿಲ, ಬಟ್ಟೆ ಅರ್ಧದಷ್ಟು ಹೊದಿಸಿದರೆ ‘ಠಣ್’ ಹೋಗಿ ‘ಧಪ್’ ಉಳಿಯುತ್ತದೆ. ಫಂಕ್‌ಗೆ ಇದನ್ನೇ ಮಾಡಿದರೆ ಕೆಟ್ಟಿತು. ಅಲ್ಲಿ ಹೆಡ್ ಬಿಗಿ, ಅಂಚಿನಲ್ಲಿ ಒಂದು ತುಂಡು ಟೇಪ್ ಸಾಕು. ಒಮ್ಮೆ ನಾನು ಉತ್ಸಾಹದಲ್ಲಿ ಇಡೀ ಸ್ನೇರ್ ಮುಚ್ಚಿಬಿಟ್ಟಿದ್ದೆ. ‘ನನ್ನ ಎಡಗೈ ಎಲ್ಲಿ ಹೋಯ್ತು ಸಾರ್?’ ಅಂದ ಡ್ರಮ್ಮರ್. ನಿಜ, ದೊಡ್ಡ ಪೆಟ್ಟುಗಳ ನಡುವೆ ಅವನು ಪಿಸುಗುಟ್ಟಿದಂತೆ ನುಡಿಸುತ್ತಿದ್ದ ಗೋಸ್ಟ್ ನೋಟ್‌ಗಳನ್ನೆಲ್ಲ ಬಟ್ಟೆ ನುಂಗಿತ್ತು. 1969ರಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ‘ಫಂಕಿ ಡ್ರಮ್ಮರ್’ ಹಾಡಿಗೆ ನುಡಿಸಿದ್ದರಲ್ಲಿ ಅಂಥ ನೋಟ್‌ಗಳನ್ನು ತೆಗೆದು ನೋಡಿ, ಫಂಕ್ ಎಂಬುದೇ ಉಳಿಯುವುದಿಲ್ಲ.

ಅಂಥ ನುಡಿಸಾಣಿಕೆಗೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಬೇಕು, ಆದರೆ ಅಟ್ಯಾಕ್, ಅಂದರೆ ಅದು ತಗ್ಗಿಸತೊಡಗುವ ವೇಗ, ನಿಧಾನವಾಗಿರಲಿ. 30 ಮಿಲಿಸೆಕೆಂಡ್ ಆಸುಪಾಸು ಇಟ್ಟರೆ ಕೋಲಿನ ಪೆಟ್ಟು ಹಾಗೇ ದಾಟಿಹೋಗುತ್ತದೆ. ರಿಲೀಸ್, ಅಂದರೆ ತಗ್ಗಿಸಿದ್ದನ್ನು ಬಿಡುವ ವೇಗ, ಚುರುಕಾಗಿದ್ದರೆ ಸಣ್ಣ ನೋಟ್‌ಗಳು ಮೇಲೆದ್ದು ಬರುತ್ತವೆ.

ಡಿಸ್ಕೊದ ಜೀವ ಕಿಕ್ ಮತ್ತು ಹೈಹ್ಯಾಟ್ (ಪೆಡಲ್ ಒತ್ತಿ ಮುಚ್ಚುವ, ತೆರೆಯುವ ಜೋಡಿ ತಾಳ). ನಾಲ್ಕು ಬೀಟಿಗೂ ಕಿಕ್, ಎರಡು ಕಿಕ್‌ಗಳ ನಡುವೆ ತೆರೆದ ಹೈಹ್ಯಾಟ್. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ ‘ದಿ ಲವ್ ಐ ಲಾಸ್ಟ್’ಗೆ ಫಿಲಡೆಲ್ಫಿಯಾದ ಅರ್ಲ್ ಯಂಗ್ ನುಡಿಸಿದ್ದು ಇದರ ಮೊದಲ ಮಾದರಿಗಳಲ್ಲಿ ಒಂದು. ಹೈಹ್ಯಾಟ್ ತೆಳುವಾಗಿರಲಿ. ದಪ್ಪ ಹೈಹ್ಯಾಟ್ ಅಂದರೆ ಮಿಕ್ಸ್ ಮಾಡುವಾಗ ತಲೆನೋವು. ಕಿಕ್ ಬಡಿಯಲು ಫೆಲ್ಟ್ ಬಟ್ಟೆಯ ಬೀಟರ್, ಮುಂದಿನ ಹೆಡ್ ಬೇಡ, ಮೈಕ್ ಒಳಗೇ ಇರಲಿ.

ಓವರ್‌ಹೆಡ್, ಅಂದರೆ ಕಿಟ್ಟಿನ ಮೇಲೆ ತೂಗುವ ಮೈಕ್ ಎರಡಿದ್ದರೆ ದಾರ ಹಿಡಿದು ಅಳೆಯಿರಿ. ಸ್ನೇರ್ ನಡುವಿನಿಂದ ಎರಡಕ್ಕೂ ಅಷ್ಟೇ ದೂರ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಗೇಣು ದೂರ ಹೆಚ್ಚುಕಮ್ಮಿಯಾದರೂ ಎರಡೂ ಸೇರುವಾಗ ಸ್ನೇರ್ ಟೊಳ್ಳಾಗುತ್ತದೆ.

ಟೇಪ್ ಯಂತ್ರ ಇಲ್ಲವಲ್ಲ ಎಂಬ ಕೊರಗು ಬೇಡ. ಟೇಪ್ ಮಾಡುತ್ತಿದ್ದದ್ದು ಪೆಟ್ಟಿನ ಮೊನಚು ಸವೆಸಿ ತಳವನ್ನು ತುಸು ದಪ್ಪ ಮಾಡುವುದು. ಇದಕ್ಕೆ ಒಂದು ಪ್ಲಗಿನ್ ಹಾಕಿ, ನಾನೂ ಹಾಕುತ್ತೇನೆ. ರಿವರ್ಬ್ (ಕೋಣೆಯಲ್ಲಿ ಅನುರಣಿಸಿದಂಥ ಸದ್ದು) ಮಾತ್ರ ಮುಟ್ಟಬೇಡಿ.

ಇನ್ನು ಎಡಿಟಿಂಗ್. 1977ರಲ್ಲಿ ಬೀ ಗೀಸ್ ತಂಡ ಫ್ರಾನ್ಸ್‌ನಲ್ಲಿ ಧ್ವನಿಮುದ್ರಿಸುವಾಗ ಡ್ರಮ್ಮರ್ ಮನೆಗೆ ಹೋಗಬೇಕಾಯಿತು. ಅವರದೇ ‘ನೈಟ್ ಫೀವರ್’ ಹಾಡಿನ ಡ್ರಮ್‌ನಿಂದ ಎರಡು ಬಾರ್‌ಗಳನ್ನು (ತಾಳದ ಆವರ್ತಗಳನ್ನು) ನಕಲು ಮಾಡಿ, ಟೇಪನ್ನು ಉಂಗುರದಂತೆ ಅಂಟಿಸಿ ಸುತ್ತಿಸಿದರು. ‘ಸ್ಟೇಯಿನ್ ಅಲೈವ್’ನ ಡ್ರಮ್ ಅದೇ. ಹಾಗಾಗಿ ಡಿಸ್ಕೊದಲ್ಲಿ ಒಳ್ಳೆಯ ಎರಡು ಬಾರ್ ಸಿಕ್ಕರೆ ಕಾಪಿ ಮಾಡಲು ನನಗೆ ಸಂಕೋಚವಿಲ್ಲ. ಫಂಕ್‌ನಲ್ಲಿ ಮೌಸ್ ಮುಟ್ಟುವುದಿಲ್ಲ, ಡ್ರಮ್ಮರಿಗೆ ಇನ್ನೊಂದು ಟೇಕ್ ಕೊಡಲು ಹೇಳುತ್ತೇನೆ.