ಉಕ್ಕು ಮೊದಲು, ಉಪಕರಣ ಆಮೇಲೆ: ಮನೆಯಲ್ಲಿ ಚಾಕು ತಯಾರಿಸುವವರಿಗೆ ಕಾರ್ಯಾಗಾರದ ಟಿಪ್ಪಣಿ

ಚಾಕು ಮಾಡುವುದನ್ನು ಕಲಿಯಲು ಹೊರಟವರು ಮೊದಲು ಕೇಳುವುದು ಯಾವ ಗ್ರೈಂಡರ್ ಕೊಳ್ಳಬೇಕು ಎಂದು. ಅದಕ್ಕೂ ಮೊದಲು ಯಾವ ಉಕ್ಕಿನಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಉಕ್ಕು ಗೊತ್ತಾದರೆ ಎಷ್ಟು ಬಿಸಿ ಬೇಕು, ಯಾವುದರಲ್ಲಿ ಅದ್ದಬೇಕು, ಕುಲುಮೆ ಹೇಗಿರಬೇಕು, ಯಾವ ವಸ್ತು ಎಲ್ಲಿರಬೇಕು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಪಟ್ಟಿ ಹಿಡಿದು ಯಂತ್ರಗಳನ್ನು ಕೊಂಡು, ಆಮೇಲೆ ಕೈಗೆ ಸಿಕ್ಕಿದ ಕಬ್ಬಿಣದ ತುಂಡನ್ನು ಹದ ಮಾಡಲು, ಅಂದರೆ ಕಾಯಿಸಿ ಅದ್ದಿ ಗಟ್ಟಿಗೊಳಿಸಲು, ಹೊರಟರೆ ಹಣವೂ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ.

ಕಲಿಕೆಗೆ ನಾನು ಸೂಚಿಸುವುದು 1084 ಎಂಬ ಸರಳ ಇಂಗಾಲದ ಉಕ್ಕು. ಇದರಲ್ಲಿ ಇಂಗಾಲ ಸುಮಾರು ಶೇ 0.84ರಷ್ಟಿರುತ್ತದೆ, ಅಲಗು ಗಟ್ಟಿಯಾಗಲು ಅಷ್ಟು ಸಾಕು. ಹೆಚ್ಚು ಹೊತ್ತು ಒಂದೇ ಉಷ್ಣತೆಯಲ್ಲಿ ಕಾಯಿಸುತ್ತಾ ನಿಲ್ಲಬೇಕಾಗಿಲ್ಲ. ತುಕ್ಕು ಹಿಡಿಯದ ಉಕ್ಕುಗಳ ಕಥೆಯೇ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ 1000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ ಬೇಕು, ಅದನ್ನು ಏರಿಳಿತವಿಲ್ಲದೆ ಹಲವು ನಿಮಿಷ ಹಿಡಿದಿಡಬೇಕು. ನಿಯಂತ್ರಕವಿರುವ ವಿದ್ಯುತ್ ಕುಲುಮೆ ಇಲ್ಲದೆ ಅದು ಆಗುವ ಕೆಲಸವಲ್ಲ. ಹಳೆಯ ಸ್ಪ್ರಿಂಗು, ಗುಜರಿಯ ಗರಗಸದ ತಟ್ಟೆ ಮುಂತಾದವು ಅಗ್ಗವಾಗಿ ಸಿಗುತ್ತವೆ ನಿಜ. ಆದರೆ ಅವುಗಳಲ್ಲಿ ಏನಿದೆ ಎಂಬುದು ತಿಳಿಯದು. ಅಲಗು ಗಟ್ಟಿಯಾಗದಿದ್ದರೆ ತಪ್ಪು ಉಕ್ಕಿನದೋ ನಮ್ಮದೋ ಎಂದು ಹೇಳಲಾಗದು. ಕಲಿಯುವವರಿಗೆ ಈ ಅನಿಶ್ಚಿತತೆಯೇ ದೊಡ್ಡ ನಷ್ಟ.

ಹದದ ಮೂಲೆ

ಕಾರ್ಯಾಗಾರದಲ್ಲಿ ಮೊದಲು ಜಾಗ ಗುರುತಿಸಬೇಕಾದದ್ದು ಇದಕ್ಕೆ. ಸರಳ ಇಂಗಾಲದ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವಾಗ, ಸುಮಾರು 540 ಡಿಗ್ರಿಯ ಆಸುಪಾಸಿನ ವಲಯವನ್ನು ಅದು ಒಂದು ಸೆಕೆಂಡಿನ ಆಸುಪಾಸಿನಲ್ಲೇ ದಾಟಿಬಿಡಬೇಕು. ತಡವಾದರೆ ಒಳರಚನೆ ಮೆತ್ತಗಾಗಿಯೇ ಉಳಿಯುತ್ತದೆ. ತೆಳುವಾದ ಅಲಗು ಗಾಳಿಯಲ್ಲೇ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಹೀಗಾಗಿ ಕುಲುಮೆಯ ಬಾಯಿಗೂ ಎಣ್ಣೆಯ ಪಾತ್ರೆಗೂ ನಡುವೆ ಒಂದು ಹೆಜ್ಜೆಗಿಂತ ಹೆಚ್ಚು ಅಂತರ ಬೇಡ. ನಿಂತಲ್ಲಿಂದಲೇ ತಿರುಗಿ ಅದ್ದುವಂತಿರಬೇಕು. ಆ ದಾರಿಯಲ್ಲಿ ಸ್ಟೂಲು, ವೈರು, ಬಕೆಟ್ ಯಾವುದೂ ಇರಬಾರದು. ಬೆಂಕಿ ಹಚ್ಚುವ ಮೊದಲು ತಣ್ಣನೆಯ ಅಲಗನ್ನು ಇಕ್ಕಳದಲ್ಲಿ ಹಿಡಿದು ಆ ಚಲನೆಯನ್ನು ಅಭ್ಯಾಸ ಮಾಡಿ.

ಎಣ್ಣೆಗೆ ಎತ್ತರವಾದ, ಕಿರಿದಾದ ಲೋಹದ ಪಾತ್ರೆ ಬೇಕು, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಬೇಕು. ಪ್ಲಾಸ್ಟಿಕ್ ಸುಳಿಯಲೇಬಾರದು. ಸಣ್ಣ ಅಲಗಿಗೆ ಸುಮಾರು 4 ಲೀಟರ್ ಕನೋಲಾ ಎಣ್ಣೆ (ಸಾಸಿವೆ ಜಾತಿಯ ಬೀಜದ ಅಡುಗೆ ಎಣ್ಣೆ) ಸಾಕು. ಅದನ್ನು 50 ಡಿಗ್ರಿಯ ಆಸುಪಾಸಿಗೆ ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿನ ಸುತ್ತ ಚೆನ್ನಾಗಿ ಹರಿಯುವುದರಿಂದ ತಣ್ಣನೆಯ ಎಣ್ಣೆಗಿಂತ ಬೇಗ ಶಾಖ ಎಳೆದುಕೊಳ್ಳುತ್ತದೆ. ವಾಹನದಿಂದ ಬಸಿದ ಹಳೆಯ ಎಂಜಿನ್ ಎಣ್ಣೆ ಬೇಡ. ಅದರ ಹೊಗೆ ವಿಷಕಾರಿ. ಎಣ್ಣೆಗೆ ಬೆಂಕಿ ತಗುಲಿದರೆ ಮುಚ್ಚಳ ಹಾಕಬೇಕು, ನೀರನ್ನು ಮಾತ್ರ ಎಂದೂ ಸುರಿಯಬಾರದು. ಎಣ್ಣೆಯ ಬೆಂಕಿಗೆ ಹೊಂದುವ ಅಗ್ನಿಶಾಮಕ ಸಾಧನ ಬಾಗಿಲ ಬಳಿ ಇರಲಿ.

ಈ ಮೂಲೆಯಲ್ಲಿ ಬೆಳಕು ಮಂದವಾಗಿರಬೇಕು, ಏಕೆಂದರೆ ಕಾದ ಉಕ್ಕಿನ ಬಣ್ಣವನ್ನು ಕಣ್ಣಿನಿಂದಲೇ ಅಳೆಯುತ್ತೇವೆ. ಬಿಸಿಲಿನಲ್ಲಿ ಮಂಕಾಗಿ ಕಂಡ ಕೆಂಪು ನಿಜಕ್ಕೂ ವಿಪರೀತ ಬಿಸಿಯಾಗಿರಬಹುದು. ಕೈಗೆಟಕುವಲ್ಲಿ ಒಂದು ಅಯಸ್ಕಾಂತ ಇಡಿ. ಉಕ್ಕು 770 ಡಿಗ್ರಿಯ ಹತ್ತಿರ ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. 1084ಕ್ಕೆ ಬೇಕಾದದ್ದು ಅದಕ್ಕಿಂತ ತುಸು ಮೇಲೆ, ಸುಮಾರು 815. ಆದ್ದರಿಂದ ಅಂಟುವುದು ನಿಂತ ಮೇಲೆ ಬಣ್ಣ ಇನ್ನೊಂದು ಛಾಯೆ ಬೆಳಗುವವರೆಗೆ ಕಾಯಿಸಿ, ಒಂದೆರಡು ನಿಮಿಷ ಅಲ್ಲೇ ಹಿಡಿಯಿರಿ. ಮಂದ ಬೆಳಕಿನಲ್ಲಿ ಗಮನವಿಟ್ಟು ನೋಡಿದರೆ ಕೆಂಪು ಅಲಗಿನ ಮೇಲೆ ಕಪ್ಪು ನೆರಳುಗಳು ತೇಲಿದಂತೆ ಕಾಣುತ್ತವೆ. ಉಕ್ಕಿನ ಒಳರಚನೆ ಬದಲಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಆಯಾ ಜಾಗ ಕ್ಷಣಕಾಲ ಮಂಕಾಗುತ್ತದೆ. ನೆರಳು ಅಲಗಿನ ದಪ್ಪ ಭಾಗದತ್ತ ಸರಿದು ಪೂರ್ತಿ ಮಾಯವಾಗಿ, ಬಣ್ಣ ಒಂದೇ ಸಮನಾದಾಗ ಬದಲಾವಣೆ ಮುಗಿಯಿತೆಂದು ಅರ್ಥ. ಇದನ್ನು ಒಮ್ಮೆ ಕಂಡವರಿಗೆ ಈ ಕಸುಬಿನ ಮೇಲಿನ ಪ್ರೀತಿ ಇಮ್ಮಡಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ಎಣ್ಣೆಯೊಳಗೆ ಅಲಗನ್ನು ಮೇಲೆ ಕೆಳಗೆ ಆಡಿಸಬಹುದು. ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ತಣಿದ ಮೇಲೆ ಅಂಚಿಗೆ ಅರ ಹಾಕಿ ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಎಳೆದಂತೆ ಜಾರಿದರೆ ಅಲಗು ಗಟ್ಟಿಯಾಗಿದೆ. ಮೇಲ್ಪದರದಲ್ಲಿ ಇಂಗಾಲ ಸುಟ್ಟುಹೋಗಿ ಅರ ತುಸು ಕಚ್ಚುವುದುಂಟು, ಆಗ ನಾಲ್ಕಾರು ಬಾರಿ ಉಜ್ಜಿ ಮತ್ತೆ ನೋಡಬೇಕು. ಈ ಸ್ಥಿತಿಯ ಅಲಗು ಕೆಳಗೆ ಬಿದ್ದರೂ ಒಡೆಯಬಹುದು. ತಡಮಾಡದೆ 200 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ (ಓವನ್) ಎರಡು ಗಂಟೆಯಂತೆ ಎರಡು ಸಲ ಇಟ್ಟು ಬಿರುಸು ಇಳಿಸಬೇಕು. ಒಲೆಯ ಗುಂಡಿ ತೋರಿಸುವ ಅಂಕಿಯನ್ನು ನೆಚ್ಚಬೇಡಿ, ಒಳಗೆ ಪ್ರತ್ಯೇಕ ಉಷ್ಣಮಾಪಕ ಇಡಿ. ಮರಳು ತುಂಬಿದ ತಟ್ಟೆಯಲ್ಲಿ ಅಲಗನ್ನು ಹೂತಿಟ್ಟರೆ ಏರಿಳಿತ ತಗ್ಗುತ್ತದೆ.

ಗ್ಯಾಸ್ ಕುಲುಮೆಯ ಬಗ್ಗೆ ಮೂರು ಎಚ್ಚರಿಕೆ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಸಿಲಿಂಡರ್ ಹೊರಗಿರಲಿ, ಜೋಡಣೆಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಕುಲುಮೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ. ಎದುರುಬದುರು ಬಾಗಿಲು ಕಿಟಕಿ ತೆರೆದಿರಲಿ, ಎಚ್ಚರಿಕೆ ನೀಡುವ ಸಾಧನವೂ ಇರಲಿ. ಒಳಗಿನ ಸೆರಾಮಿಕ್ ಉಣ್ಣೆಯ ಎಳೆಗಳು ಶ್ವಾಸಕೋಶಕ್ಕೆ ಕೆಟ್ಟವು. ಮೇಲೆ ಶಾಖನಿರೋಧಕ ಲೇಪ ಬಳಿಯದೆ ಬಳಸಬೇಡಿ.

ಅರ, ವೈಸು, ಗ್ರೈಂಡರ್

ಸುತ್ತಿಗೆಯಿಂದ ಬಡಿದು ರೂಪ ಕೊಡುವುದಕ್ಕೆ ಅಡಿಗಲ್ಲು ಬೇಕು. ರೈಲು ಹಳಿಯ ತುಂಡೂ ಆದೀತು. ಆದರೆ ಪಟ್ಟಿಯನ್ನು ಕತ್ತರಿಸಿ ಉಜ್ಜಿ ಅಲಗು ಮಾಡುವ ವಿಧಾನಕ್ಕೆ ಅದರ ಅಗತ್ಯವಿಲ್ಲ. ಅದಕ್ಕೆ ಅಲುಗಾಡದ ಬೆಂಚು, ಗಟ್ಟಿ ವೈಸು, ಹ್ಯಾಕ್ಸಾ, 10 ಇಂಚಿನ ಒರಟು ಅರ ಇದ್ದರೆ ಆರಂಭಿಸಬಹುದು. ನಿಧಾನ ನಿಜ, ಆದರೆ ಅರ ಹಿಡಿದವರ ಕೈಗೆ ಕೋನ ತಿಳಿಯುತ್ತದೆ. ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಪುಡಿ ಸಿಕ್ಕಿಕೊಂಡು ಗೀರು ಬೀಳುವುದು ಕಡಿಮೆ.

ಎರಡೂ ಬದಿಯನ್ನು ಸಮನಾಗಿ ಉಜ್ಜಲು ಅಂಚಿನ ಮೇಲೆ ನಡುಗೆರೆ ಬೇಕು, ಅದನ್ನು ಹಾಕಲು ವಿಶೇಷ ಸಾಧನ ಬೇಕಿಲ್ಲ. ಉಕ್ಕಿನ ದಪ್ಪದಷ್ಟೇ ವ್ಯಾಸದ ಡ್ರಿಲ್ ಬಿಟ್ ತೆಗೆದುಕೊಳ್ಳಿ. ಸಮತಟ್ಟಾದ ಮೇಲ್ಮೈಯಲ್ಲಿ ಅಲಗನ್ನೂ ಬಿಟ್ಟನ್ನೂ ಮಲಗಿಸಿದರೆ ಬಿಟ್ಟಿನ ಮೊನೆ ಸರಿಯಾಗಿ ಅರ್ಧ ಎತ್ತರಕ್ಕೆ ನಿಲ್ಲುತ್ತದೆ. ಅಂಚಿಗೆ ಮಾರ್ಕರ್ ಶಾಯಿ ಬಳಿದು ಆ ಮೊನೆಯಿಂದ ಗೀರಿ. ಬಳಿಕ ಅಲಗನ್ನು ಮಗುಚಿ ಇನ್ನೊಮ್ಮೆ ಗೀರಿದರೆ ನಡುವಿನಿಂದ ಎಷ್ಟು ಸರಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹದಕ್ಕೆ ಮೊದಲು ಅಂಚನ್ನು ಮುಕ್ಕಾಲು ಮಿಲಿಮೀಟರ್‌ನಷ್ಟು ದಪ್ಪ ಉಳಿಸಿ. ಅತಿ ತೆಳುವಾದರೆ ಎಣ್ಣೆಯಲ್ಲಿ ಅಲೆಅಲೆಯಾಗುತ್ತದೆ, ಬಿರುಕೂ ಬಿಡಬಹುದು. ಹಿಡಿಯ ತೂತುಗಳನ್ನೂ ಆಗಲೇ ಕೊರೆದುಬಿಡಿ, ಗಟ್ಟಿಯಾದ ಉಕ್ಕಿಗೆ ಸಾಮಾನ್ಯ ಬಿಟ್ ಇಳಿಯುವುದಿಲ್ಲ.

ಬೆಲ್ಟ್ ಗ್ರೈಂಡರ್ ಕೊಳ್ಳುವ ಹೊತ್ತು ಬಂದರೆ 50 ಮಿಲಿಮೀಟರ್ ಅಗಲ, 1830 ಮಿಲಿಮೀಟರ್ ಉದ್ದದ ಬೆಲ್ಟು ಹಿಡಿಯುವ ಯಂತ್ರಕ್ಕಾಗಿ ಹಣ ಕೂಡಿಡುವುದು ಒಳ್ಳೆಯದು. ಚಾಕು ಮಾಡುವವರಿಗೆ ಬೇಕಾದ ಬೆಲ್ಟುಗಳು ಆ ಅಳತೆಯಲ್ಲಿ ಹೇರಳ. ಮೋಟಾರು ಒಂದೂವರೆಯಿಂದ ಎರಡು ಅಶ್ವಶಕ್ತಿಯದಾಗಿರಲಿ, ಪೂರ್ತಿ ಮುಚ್ಚಿದ ಬಗೆಯದಾಗಿರಲಿ. ಕಬ್ಬಿಣದ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ, ತೆರೆದ ಮೋಟಾರಿನೊಳಗೆ ಸೇರಿದರೆ ಸುಟ್ಟುಹಾಕುತ್ತದೆ. ವೇಗ ಬದಲಿಸುವ ಸೌಲಭ್ಯವಿದ್ದರೆ ಹದವಾದ ಅಲಗನ್ನು ನಿಧಾನವಾಗಿ ಉಜ್ಜಬಹುದು. ಆಗ ಪದೇಪದೇ ನೀರಿಗೆ ಅದ್ದುತ್ತಿರಿ. ಅಂಚಿನಲ್ಲಿ ನೀಲಿ ಬಣ್ಣ ಮೂಡಿತೆಂದರೆ ಅಲ್ಲಿ ಉಷ್ಣತೆ 300 ಡಿಗ್ರಿಯ ಹತ್ತಿರ ಹೋಗಿದೆ, ಅಷ್ಟು ಭಾಗದ ಗಟ್ಟಿತನ ಇಳಿದಿದೆ. ಹೊಳಪು ಕೊಡುವ ಬಟ್ಟೆಚಕ್ರವನ್ನು ಆರಂಭದಲ್ಲಿ ಕೊಳ್ಳಲೇಬೇಡಿ. ಅದು ಅಲಗನ್ನು ಕಸಿದು ಮೈಮೇಲೆ ಎಸೆಯಬಲ್ಲದು. ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಿದ ಹೊಳಪು ಚೆಂದವೂ ಹೌದು.

ಧೂಳು

ಲೋಹದ, ಮರದ ಸಣ್ಣ ಧೂಳಿಗೆ ಬಟ್ಟೆಯ ಮುಖಗವಸು ಸಾಲದು; ಮುಖಕ್ಕೆ ಬಿಗಿಯಾಗಿ ಕೂರುವ, ಪಿ100 ದರ್ಜೆಯ (ಅತಿ ಸಣ್ಣ ಕಣಗಳನ್ನೂ ತಡೆಯುವ) ಶೋಧಕವಿರುವ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಗ್ರೈಂಡರಿನ ಕೆಳಗೆ ಕಿಡಿ ಬೀಳುವ ಜಾಗದಲ್ಲಿ ನೀರಿನ ಬಕೆಟ್ ಇಡಿ. ಹಿಡಿಗೆ ಮರ ಉಜ್ಜುವ ಮೊದಲು ಯಂತ್ರದ ಸುತ್ತಲಿನ ಕಬ್ಬಿಣದ ಪುಡಿ ಗುಡಿಸಿ, ಮತ್ತೆ ಉಕ್ಕಿಗೆ ಹೋಗುವ ಮೊದಲು ಮರದ ಪುಡಿ ಗುಡಿಸಿ. ಎರಡನ್ನೂ ಒಂದೇ ಧೂಳುಹೀರುಕಕ್ಕೆ ಬಿಟ್ಟರೆ ಒಂದು ಕಿಡಿ ಒಳಗೇ ಹೊಗೆಯಾಡಿ, ನೀವು ಬಾಗಿಲು ಹಾಕಿಕೊಂಡು ಹೋದ ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳಬಹುದು. ಹಿಡಿಗೆ ಅಗಸೆ ಎಣ್ಣೆ ಬಳಿದ ಬಟ್ಟೆಯನ್ನೂ ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹೊರಸೂಸುತ್ತದೆ, ಮುದ್ದೆಯೊಳಗೆ ಶಾಖ ಸೇರಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.