ಗ್ರಾಂಟ್ ಆಲ್ ಕೊಟ್ಟರೂ ಟೇಬಲ್ ನಿಮ್ಮದಾಗುವುದಿಲ್ಲ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಹೊಸ ಸರ್ವರ್‌ಗೆ ಹಾಕುವಾಗ ‘ರೋಲ್ ಇಲ್ಲ’ ಅಂತ ಸಾಲುಸಾಲು ಎರರ್ ಬಂತು. ಡೇಟಾ ಎಲ್ಲ ಬಂದಿದೆ. ಹೀಗೇ ಬಿಡಬಹುದಾ?

ಬಿಡಬೇಡಿ. ಇದಕ್ಕೆ ಎಷ್ಟು ಸಲ ತುಂಡುತುಂಡಾಗಿ ಉತ್ತರಿಸಿದ್ದೇನೋ! ಈ ಸಲ ಪೂರ್ತಿ ಹೇಳುತ್ತೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ರೋಲ್‌ಗಳು, ಅಂದರೆ ಯೂಸರ್‌ಗಳ ಖಾತೆಗಳು, ಡೇಟಾಬೇಸ್‌ನ ಒಳಗೆ ಇರುವುದಿಲ್ಲ, ಇಡೀ ಸರ್ವರ್‌ಗೆ ಸೇರಿರುತ್ತವೆ. ನಕಲು ತೆಗೆಯುವ ಉಪಕರಣವಾದ ಪಿಜಿ_ಡಂಪ್ ತೆಗೆಯುವುದು ಒಂದು ಡೇಟಾಬೇಸನ್ನು ಮಾತ್ರ. ‘ಈ ಟೇಬಲ್ ಇಂಥವರದು’ ಎಂಬ ಸಾಲು ಬರುತ್ತದೆ, ಆ ‘ಇಂಥವರು’ ಬರುವುದಿಲ್ಲ. ಆಗ ಟೇಬಲ್, ರಿಸ್ಟೋರ್ ಮಾಡಿದವರ (ಆ ನಕಲನ್ನು ಹೊಸ ಸರ್ವರ್‌ಗೆ ತುಂಬಿದವರ) ಹೆಸರಿನಲ್ಲೇ ಉಳಿಯುತ್ತದೆ.

ಇಲ್ಲಿಗೆ ಬಂದ ಕೂಡಲೇ ಅದೇ ಮಾತು: “ಆ್ಯಪ್‌ನ ಯೂಸರ್‌ಗೆ ಗ್ರಾಂಟ್ ಆಲ್ ಕೊಟ್ಟರಾಯ್ತು ಅಲ್ವಾ?” ಆಗುವುದಿಲ್ಲ. ಗ್ರಾಂಟ್ ಎಂದರೆ ಅನುಮತಿ ಕೊಡುವ ಆಜ್ಞೆ, ಅದರಲ್ಲಿ ‘ಆಲ್’ ಎಂಬ ಪದವೇ ದಾರಿ ತಪ್ಪಿಸುತ್ತದೆ. ಟೇಬಲ್ ಮೇಲೆ ಅದು ಕೊಡುವುದು ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್‌ನಂಥ ಅನುಮತಿಗಳನ್ನು. ಕಾಲಮ್ ಸೇರಿಸುವುದು, ಇಂಡೆಕ್ಸ್ ಕಟ್ಟುವುದು, ಟೇಬಲ್ ಡ್ರಾಪ್ ಮಾಡುವುದು ಓನರ್‌ನ ಕೆಲಸ. ಅದನ್ನು ಟೇಬಲ್ ಮೇಲಿನ ಗ್ರಾಂಟ್‌ನಿಂದ ಕೊಡಲು ಬರುವುದೇ ಇಲ್ಲ. ಹಾಗಾಗಿ ಆ್ಯಪ್ ವಾರಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ಟೇಬಲ್‌ಗಳ ರಚನೆ ಬದಲಿಸುವ ಮುಂದಿನ ಮೈಗ್ರೇಷನ್‌ನಲ್ಲಿ ‘ಮಸ್ಟ್ ಬಿ ಓನರ್ ಆಫ್ ಟೇಬಲ್’ ಅಂತ ನಿಲ್ಲುತ್ತದೆ. ಆಗ ಗಾಬರಿಯಲ್ಲಿ ಆ್ಯಪ್‌ನ ಯೂಸರನ್ನೇ ಸೂಪರ್‌ಯೂಸರ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಸೂಪರ್‌ಯೂಸರ್‌ಗೆ ಅನುಮತಿಯ ತಪಾಸಣೆಯೇ ಇರುವುದಿಲ್ಲ.

ಹಳೆಯ ಹೆಸರುಗಳೇ ಇರಲಿ ಎಂದರೆ ಇಡೀ ಸರ್ವರನ್ನು ತೆಗೆಯುವ ಪಿಜಿ_ಡಂಪ್‌ಆಲ್‌ನ ರೋಲ್ಸ್-ಓನ್ಲಿ ಆಯ್ಕೆಯಿಂದ ರೋಲ್‌ಗಳನ್ನು ಮೊದಲು ತಂದುಕೊಳ್ಳಿ. ಹೊಸ ಹೆಸರು ಬೇಕಾದರೆ, ಹೊಸ ರೋಲನ್ನೇ ಓನರ್ ಮಾಡಿ ಖಾಲಿ ಡೇಟಾಬೇಸ್ ಕಟ್ಟಿ. ಆಮೇಲೆ ಪಿಜಿ_ರಿಸ್ಟೋರ್‌ಗೆ ನೋ-ಓನರ್ (ಹಳೆಯ ಓನರ್ ಹೆಸರು ಬಿಡಲು) ಜೊತೆ ರೋಲ್ ಆಯ್ಕೆಯನ್ನೂ (ಹೊಸ ರೋಲ್‌ನ ಹೆಸರು ಹೇಳಲು) ಕೊಡಿ. ಹಳೆಯ ಗ್ರಾಂಟ್‌ಗಳು ಬೇಡದಿದ್ದರೆ ನೋ-ಪ್ರಿವಿಲೆಜಸ್ ಸೇರಿಸಿ. ಡಂಪ್ ಬರೀ ಎಸ್‌ಕ್ಯೂಎಲ್ ಫೈಲ್ ಆಗಿದ್ದರೆ ನೋ-ಓನರನ್ನು ಡಂಪ್ ತೆಗೆಯುವಾಗಲೇ ಹಾಕಿರಬೇಕು.

ಈಗಾಗಲೇ ರಿಸ್ಟೋರ್ ಆಗಿಹೋಗಿದ್ದರೆ ಒಬ್ಬರ ಹೆಸರಿನಲ್ಲಿರುವುದನ್ನೆಲ್ಲ ಇನ್ನೊಬ್ಬರ ಹೆಸರಿಗೆ ಮಾಡುವ ರೀಅಸೈನ್ ಓನ್ಡ್ ಆಜ್ಞೆ ಇದೆ. ಆದರೆ ಸರ್ವರ್ ಜೊತೆಗೇ ಹುಟ್ಟಿದ ‘ಪೋಸ್ಟ್‌ಗ್ರೆಸ್’ ಸೂಪರ್‌ಯೂಸರ್‌ನ ಹೆಸರಿಗೆ ಎಲ್ಲ ಬಿದ್ದಿದ್ದರೆ ಅದು ಒಪ್ಪುವುದಿಲ್ಲ. ಸಿಸ್ಟಮ್‌ಗೆ ಬೇಕಾದ ವಸ್ತುಗಳೂ ಅದೇ ಹೆಸರಿನಲ್ಲಿವೆ. ಒಂದೊಂದು ಟೇಬಲ್‌ಗೂ ಆಲ್ಟರ್ ಟೇಬಲ್, ಓನರ್ ಟು ಬರೆಯಲೇಬೇಕು.

ಯಾರೂ ಕೇಳಿಲ್ಲ, ಆದರೂ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಒಂದು ಮಾತು. ಅಲ್ಲಿ ಟೇಬಲ್‌ಗೆ ಓನರ್ ಇಲ್ಲ, ಹಾಗಂತ ನಿಶ್ಚಿಂತೆಯಿಂದ ಇರಬೇಡಿ. ವ್ಯೂ, ಟ್ರಿಗರ್, ಪ್ರೊಸೀಜರ್‌ಗಳಿಗೆ ಡಿಫೈನರ್, ಅಂದರೆ ಅವು ಯಾರ ಅನುಮತಿಯಲ್ಲಿ ಓಡಬೇಕೋ ಆ ಯೂಸರ್, ಇರುತ್ತಾನೆ. ಆ ಯೂಸರ್ ಹೊಸ ಸರ್ವರ್‌ನಲ್ಲಿ ಇಲ್ಲದಿದ್ದರೆ ವ್ಯೂ ಸುಮ್ನೆ ರಿಸ್ಟೋರ್ ಆಗಿಬಿಡಬಹುದು. ಬಳಸಲು ಹೋದಾಗ 1449 ಎರರ್ ಬರುತ್ತದೆ. ಡಂಪ್ ಫೈಲ್‌ನಲ್ಲಿ ಡಿಫೈನರ್ ಎಂದು ಹುಡುಕಿ, ಅಲ್ಲಿರುವ ಹೆಸರುಗಳನ್ನು ಮೊದಲೇ ನೋಡಿಕೊಳ್ಳಿ.