ಐಸ್ ಡಬ್ಬದಲ್ಲಿ ಬಿಸಿ ಗಂಜಿ: ಪಿಕ್ನಿಕ್ ಕೂಲರ್ ಮ್ಯಾಷ್ ಟನ್ ಆಗುತ್ತಾ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಇಷ್ಟು ದಿನ ಡಬ್ಬಿಯಲ್ಲಿ ಸಿಗುವ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಿಂದ ಮನೆಯಲ್ಲಿ ಬಿಯರ್ ಮಾಡುತ್ತಿದ್ದೆ. ಈಗ ಕಾಳಿನಿಂದಲೇ ಶುರು ಮಾಡುವ ಆಸೆ. ಮನೆಯಲ್ಲಿ 10 ಗ್ಯಾಲನ್‌ನ ದುಂಡನೆಯ ಕೂಲರ್ ಇದೆ. ಆದರೆ ಅದನ್ನು ಒಲೆಯ ಮೇಲೆ ಇಡಲಾಗುವುದಿಲ್ಲ. ಒಂದು ಗಂಟೆ ಬಿಸಿ ಹೇಗೆ ನಿಲ್ಲುತ್ತದೆ?

ನಿಲ್ಲುತ್ತದೆ. ಒಡೆದ ಕಾಳನ್ನು ಬಿಸಿನೀರಿನಲ್ಲಿ ನೆನೆಸಿದ ಗಂಜಿಯೇ ಮ್ಯಾಷ್, ಅದನ್ನು ಬಿಸಿಯಾಗಿ ಇಡುವ ಪಾತ್ರೆ ಮ್ಯಾಷ್ ಟನ್. ಒಲೆಯ ಮೇಲೆ ಇಡಲಾಗದಿರುವುದೇ ಇಲ್ಲಿ ಲಾಭ. ಚಪಾತಿ ಇಡುವ ಹಾಟ್ ಬಾಕ್ಸ್ ನೆನಪಿಸಿಕೊಳ್ಳಿ. ಕೂಲರ್ ಕೂಡ ಅದೇ ಜಾತಿಯದು: ಎರಡು ಪ್ಲಾಸ್ಟಿಕ್ ಗೋಡೆ, ನಡುವೆ ಫೋಮ್. ಒಳಗಿರುವುದು ಐಸೋ ಬಿಸಿನೀರೋ ಎಂದು ಅದು ಕೇಳುವುದಿಲ್ಲ. ಪಾತ್ರೆಯ ತಳಕ್ಕೆ ಉರಿ ಕೊಟ್ಟರೆ ಅಡಿ ಹಿಡಿಯುತ್ತದೆ, ಒಂದು ಕಡೆ ಜಾಸ್ತಿ ಬಿಸಿ, ಇನ್ನೊಂದು ಕಡೆ ಕಮ್ಮಿ. ಕೂಲರ್‌ನಲ್ಲಿ ಆ ತಲೆನೋವಿಲ್ಲ.

ಬಿಸಿ ಯಾಕೆ ಬೇಕು ಅಂದರೆ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಅಂದರೆ ಮಾಲ್ಟ್‌ನಲ್ಲಿ, ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮ್‌ಗಳಿರುತ್ತವೆ. ನಮ್ಮ ಮೊಳಕೆ ರಾಗಿಯಲ್ಲೂ ಇವೆ. ಮಾಮೂಲಿ ಹಿಟ್ಟಿನದಕ್ಕಿಂತ ಮೊಳಕೆ ರಾಗಿಯ ಗಂಜಿ ತೆಳ್ಳಗಾಗುವುದು ಅದಕ್ಕೇ. ಬಾರ್ಲಿಯಲ್ಲಿ ಈ ಕೆಲಸ ಚೆನ್ನಾಗಿ ಆಗುವುದು 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ. 65ರ ಹತ್ತಿರ ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿ, ಬಿಯರ್ ತೆಳು. 68ರ ಹತ್ತಿರ ಇಟ್ಟರೆ ಬಿಯರ್ ಬಾಯಿಗೆ ತುಂಬಿಕೊಂಡ ಹಾಗಿರುತ್ತದೆ. ಚೆನ್ನಾಗಿ ಮುಚ್ಚಿದ ಕೂಲರ್ ಗಂಟೆಗೆ ಒಂದೆರಡು ಡಿಗ್ರಿ ಕಳೆದುಕೊಳ್ಳಬಹುದು. ಅಷ್ಟು ಪರವಾಗಿಲ್ಲ.

ಆದ್ದರಿಂದ ಸರಿಯಾದ ಬಿಸಿಯಲ್ಲಿ ಶುರು ಮಾಡುವುದೇ ನಿಮ್ಮ ಮುಖ್ಯ ಕೆಲಸ. 5 ಕಿಲೋ ಮಾಲ್ಟ್‌ಗೆ, ಅಂದರೆ ಸುಮಾರು 11 ಪೌಂಡ್‌ಗೆ, ಕಿಲೋಗೆ 3 ಲೀಟರ್‌ನಂತೆ 15 ಲೀಟರ್ ನೀರು ಎಂದುಕೊಳ್ಳಿ. ಕಾಳು 20 ಡಿಗ್ರಿಯಲ್ಲಿದೆ, ನಿಮಗೆ 67 ಬೇಕು. ವ್ಯತ್ಯಾಸ 47. ಅದನ್ನು 0.41ರಿಂದ ಗುಣಿಸಿ 3ರಿಂದ ಭಾಗಿಸಿದರೆ ಸುಮಾರು 6.4. ಅದನ್ನು 67ಕ್ಕೆ ಕೂಡಿಸಿ: ನೀರು 73.4 ಡಿಗ್ರಿ ಇರಬೇಕು, ಅಂದರೆ 164 ಫ್ಯಾರನ್‌ಹೀಟ್. ಇದು ಕಾಳು ಎಳೆದುಕೊಳ್ಳುವ ಬಿಸಿಯ ಲೆಕ್ಕ ಮಾತ್ರ. ತಣ್ಣಗಿರುವ ಕೂಲರ್ ಕೂಡ ತನ್ನ ಪಾಲು ಕೇಳುತ್ತದೆ, ಅಲ್ವಾ? ಅದಕ್ಕೆ ನೀರನ್ನು 76-77 ಡಿಗ್ರಿಗೆ ಕಾಯಿಸಿ ಮೊದಲು ಕೂಲರ್‌ಗೆ ಸುರಿದು ಮುಚ್ಚಿಡಿ. 73.4ಕ್ಕೆ ಇಳಿದ ಮೇಲೆ ಕಾಳು ಹಾಕಿ. ಗಂಟು ಕಟ್ಟದ ಹಾಗೆ ತಿರುವಿ, ಮುಚ್ಚಿ. ಕಳಕಳ ಕುದಿಯುವ ನೀರನ್ನು ನೇರ ಸುರಿಯಬೇಡಿ, ಒಳಗಿನ ಪ್ಲಾಸ್ಟಿಕ್ ಉಬ್ಬಬಹುದು.

ನಾನು ಮೊದಲ ಸಲ ಈ ಲೆಕ್ಕವೆಲ್ಲ ಮಾಡಿಯೂ ಸೋತೆ. ಮುಚ್ಚಳದಿಂದ. ಎಷ್ಟೋ ಕೂಲರ್‌ಗಳ ಮುಚ್ಚಳ ಒಳಗೆ ಟೊಳ್ಳು, ಫೋಮ್ ಇರುವುದಿಲ್ಲ. ನಮ್ಮ ಗ್ಯಾರೇಜಿನ ಚಳಿಯಲ್ಲಿ ಬಿಸಿಯೆಲ್ಲ ಮೇಲಿನಿಂದಲೇ ಹೋಯಿತು. ಈಗ ಹಳೆಯ ಕಂಬಳಿ ಹೊದಿಸುತ್ತೇನೆ. ಮಗುವಿಗೆ ಹೊದಿಸಿದ ಹಾಗಿದೆ ಎಂದು ಮನೆಯವರು ನಗುತ್ತಾರೆ, ನಗಲಿ.

ಇನ್ನು ರಿಪೇರಿ ಕೆಲಸ. ಕೂಲರ್‌ನ ಒತ್ತುವ ಪ್ಲಾಸ್ಟಿಕ್ ನಲ್ಲಿಯನ್ನು ಒಳಗಿನ ನಟ್ ತಿರುಗಿಸಿ ತೆಗೆಯಿರಿ. ಆ ತೂತಿಗೆ ಅರ್ಧ ಇಂಚಿನ ಸ್ಟೇನ್‌ಲೆಸ್ ನಿಪ್ಪಲ್ (ಜೋಡಿಸುವ ಚಿಕ್ಕ ಪೈಪ್ ತುಂಡು), ಹೊರಗೆ ಬಾಲ್ ವಾಲ್ವ್, ಗೋಡೆಗೆ ಒತ್ತುವಂತೆ ಸಿಲಿಕೋನ್ ವಾಷರ್. ಸಾಮಾನ್ಯವಾಗಿ ಡ್ರಿಲ್ ಬೇಕಾಗುವುದಿಲ್ಲ. ಸತು ಲೇಪದ ಪೈಪ್ ಭಾಗಗಳು ಬೇಡ, ಮ್ಯಾಷ್‌ನ ಹುಳಿಗೆ ಸತು ಬಿಟ್ಟುಕೊಳ್ಳುತ್ತದೆ. ಹೊರಗಿನ ಟ್ಯೂಬ್ ಕೂಡ ಬಿಸಿ ತಡೆಯುವ ಸಿಲಿಕೋನ್‌ನದೇ ಇರಲಿ.

ಒಳಗೆ ಜರಡಿ ಬೇಕು. ತೂತಿನ ತಟ್ಟೆ ಕೊಳ್ಳಬಹುದು. ಅಗ್ಗದ ದಾರಿ ಬೇರೆ ಇದೆ. ನಲ್ಲಿಗೆ ಹಾಕುವ ಸ್ಟೀಲ್ ಹೆಣಿಗೆಯ ಹೋಸ್ ತಂದು, ಎರಡೂ ತುದಿ ಗರಗಸದಿಂದ ಕತ್ತರಿಸಿ, ಒಳಗಿನ ರಬ್ಬರ್ ಎಳೆದುಹಾಕಿ. ಉಳಿದ ಜಾಲರಿಯ ಒಂದು ತುದಿ ಮಡಚಿ ಚಪ್ಪಟೆ ಮಾಡಿ, ಇನ್ನೊಂದನ್ನು ವಾಲ್ವ್‌ನ ಒಳಬದಿಗೆ ಕ್ಲಾಂಪ್ ಮಾಡಿ. ಹೆಣಿಗೆ ನಿಜವಾಗಿ ಸ್ಟೀಲೇ ಎಂದು ನೋಡಿ ಕೊಳ್ಳಿ, ಸ್ಟೀಲ್ ಬಣ್ಣದ ಪ್ಲಾಸ್ಟಿಕ್ಕೂ ಸಿಗುತ್ತದೆ. ಮಾಲ್ಟ್ ಹಾಕುವ ಮುಂಚೆ ಬರೀ ಬಿಸಿನೀರು ತುಂಬಿ ಅರ್ಧ ಗಂಟೆ ಬಿಡಿ. ಸೋರುವುದಿದ್ದರೆ ಆಗಲೇ ಸೋರಲಿ.

ನಿಜ ಹೇಳಬೇಕೆಂದರೆ ಸೋಸುವುದು ಜಾಲರಿ ಅಲ್ಲ, ಕಾಳಿನ ಹೊಟ್ಟು. ಫಿಲ್ಟರ್ ಕಾಫಿಯ ಹಾಗೆ: ಪುಡಿ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದಿಲ್ಲ. ಮಾಲ್ಟ್ ಒಡೆದಿರಬೇಕು, ಹಿಟ್ಟಾಗಿರಬಾರದು. ಗೋಧಿ ಮಾಲ್ಟ್ ಜಾಸ್ತಿ ಇದ್ದರೆ ಒಂದೆರಡು ಹಿಡಿ ಭತ್ತದ ಹೊಟ್ಟು ಬೆರೆಸಿ, ಗೋಧಿಗೆ ತನ್ನದೇ ಹೊಟ್ಟಿಲ್ಲ. ಗಂಟೆಯಾದ ಮೇಲೆ ಮೊದಲು ಬರುವ ಒಂದೆರಡು ಲೀಟರ್ ಕದಡಿರುತ್ತದೆ. ಅದನ್ನು ನಿಧಾನವಾಗಿ ಮೇಲೆ ವಾಪಸ್ ಸುರಿಯಿರಿ. ತಿಳಿ ಬಂದ ಮೇಲೆ ಕುದಿಸುವ ಪಾತ್ರೆಗೆ ಬಿಡಿ.

5 ಕಿಲೋ ಕಾಳು ಸುಮಾರು 5 ಲೀಟರ್ ನೀರು ಕುಡಿದುಬಿಡುತ್ತದೆ, ಹಾಗಾಗಿ 10 ಲೀಟರ್ ಸಿಗುತ್ತದೆ. ಮತ್ತೆ 77 ಡಿಗ್ರಿಯ 15 ಲೀಟರ್ ಸುರಿದು, ಕಲಕಿ, ಅದೇ ರೀತಿ ಇಳಿಸಿ. ಒಟ್ಟು 25 ಲೀಟರ್. ಕುದಿಸಿ ಇಂಗಿಸಿದರೆ ಸುಮಾರು 5 ಗ್ಯಾಲನ್ ಬಿಯರ್‌ಗೆ ಸಾಕು.

ಅಮೆರಿಕದ ಫೆಡರಲ್ ಕಾನೂನು 1978ರಲ್ಲಿ ಇದಕ್ಕೆ ದಾರಿ ಬಿಟ್ಟಿತು: ವಯಸ್ಕರೊಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇರುವ ಮನೆಗೆ 200, ಮಾರುವಂತಿಲ್ಲ. ರಜೆಗೆ ಊರಿಗೆ ಹೋದಾಗ ಅಣ್ಣನ ಮನೆಯಲ್ಲೂ ಒಂದು ಕೈ ನೋಡೋಣ ಎಂದುಕೊಂಡಿದ್ದರೆ ಬೇಡ. ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ.

ಕೊನೆಗೆ ಉಳಿದ ಚರಟವನ್ನು ಅದೇ ದಿನ ಖಾಲಿ ಮಾಡಿ, ವಾಲ್ವ್ ಬಿಚ್ಚಿ ತೊಳೆಯಿರಿ. ಒಂದು ರಾತ್ರಿ ಬಿಟ್ಟರೂ ಹುಳಿ ವಾಸನೆ ಹಿಡಿಯುತ್ತದೆ. ಆಮೇಲೆ ಆ ಕೂಲರ್‌ನಲ್ಲಿ ಜ್ಯೂಸ್ ತುಂಬಿಸಿ ಪಿಕ್ನಿಕ್‌ಗೆ ಒಯ್ದರೆ ಯಾರೂ ಕುಡಿಯುವುದಿಲ್ಲ.